ಬಿಸಿಯಿದೆ, ಬೆಳಕಿದೆ, ಸದ್ದಿಲ್ಲ: ಮನೆಯಲ್ಲೇ ಕಟ್ಟಿದ ವಾಲ್ವ್ ಹೆಡ್‌ಫೋನ್ ಆಂಪ್ಲಿಫಯರ್ ಮೂಕವಾಗಿದೆ

ಹನುಮಂತನಗರದ ಕಿವಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ನಾನೇ ಕೂತು ಕಟ್ಟಿದ ವಾಲ್ವ್ ಹೆಡ್‌ಫೋನ್ ಆಂಪ್ಲಿಫಯರ್ ಕಳೆದ ಭಾನುವಾರ ರಾತ್ರಿ, ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಕೇಳುತ್ತಿದ್ದ ಹಾಗೆಯೇ ನಿಂತುಹೋಯಿತು. ಪಟ್ಟೆಂಬ ಶಬ್ದವಾಗಲಿ ಸುಟ್ಟ ವಾಸನೆಯಾಗಲಿ ಬರಲಿಲ್ಲ. ಸದ್ದು ಒಂದೆರಡು ಸೆಕೆಂಡುಗಳಲ್ಲಿ ಕುಗ್ಗುತ್ತಾ, ಕೊನೆಗೆ ಸ್ವಲ್ಪ ಒಡೆದಂತಾಗಿ, ಪೂರ್ತಿ ಅಡಗಿತು. ಅಂದಿನಿಂದ ಎರಡೂ ಕಡೆ ಏನೂ ಕೇಳಿಸುತ್ತಿಲ್ಲ, ಹಮ್ (ಸಪ್ಲೈಯ ಗುಂಯ್ ಸದ್ದು) ಕೂಡ ಇಲ್ಲ.

ಸರ್ಕ್ಯೂಟ್ ಹೊಸದೇನಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಿನ್ಯಾಸ. ಮುಂದೆ ಒಂದು ಇಸಿಸಿ82 ವಾಲ್ವ್, ಅದರ ಎರಡು ಟ್ರಯೋಡ್‌ಗಳಲ್ಲಿ (ಕಾದ ಕ್ಯಾಥೋಡ್‌ನಿಂದ ಪ್ಲೇಟಿಗೆ ಹೋಗುವ ಎಲೆಕ್ಟ್ರಾನ್‌ಗಳನ್ನು ನಡುವಿನ ಗ್ರಿಡ್ ಹತೋಟಿಯಲ್ಲಿಡುವ ಘಟಕಗಳಲ್ಲಿ) ಎಡಕ್ಕೊಂದು ಬಲಕ್ಕೊಂದು. ಅವುಗಳ ಪ್ಲೇಟಿನಿಂದ ನಡುವೆ ಕೆಪಾಸಿಟರ್ ಇಲ್ಲದೆ ನೇರವಾಗಿ 6080 ಎಂಬ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗಳಿಗೆ ಸಂಪರ್ಕ. 6080ರ ಎರಡು ಭಾಗಗಳೂ ಕ್ಯಾಥೋಡ್ ಫಾಲೋಯರ್‌ಗಳಾಗಿ ಕೆಲಸ ಮಾಡುತ್ತವೆ. ಪ್ರತಿ ಕ್ಯಾಥೋಡ್‌ನಿಂದ ನೆಲಕ್ಕೆ 3000 ಓಮ್‌ನ 10 ವ್ಯಾಟ್ ರೆಸಿಸ್ಟರ್, ಅಲ್ಲಿಂದ 100 ಮೈಕ್ರೊಫ್ಯಾರಡ್, 160 ವೋಲ್ಟ್ ಕೆಪಾಸಿಟರ್ ಮೂಲಕ 300 ಓಮ್ ಹೆಡ್‌ಫೋನ್‌ಗೆ ಸಿಗ್ನಲ್ ಹೋಗುತ್ತದೆ. 150 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ಹೇಳಿ ಸುತ್ತಿಸಿದ್ದೆ. ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್ ಆದ ಮೇಲೆ 220 ಮೈಕ್ರೊಫ್ಯಾರಡ್‌ನ ಮೂರು ಕೆಪಾಸಿಟರ್‌ಗಳಿವೆ, ಅವುಗಳ ನಡುವೆ 270 ಓಮ್‌ನ ಎರಡು ರೆಸಿಸ್ಟರ್‌ಗಳಿವೆ. ಎಸ್.ಪಿ. ರಸ್ತೆಯಲ್ಲಿ ಆ ದಿನ 5 ವ್ಯಾಟಿನವು ಸಿಗದ ಕಾರಣ 2 ವ್ಯಾಟಿನ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನೇ ಹಾಕಿದ್ದೆ. ಪ್ಲೇಟ್ ಸಪ್ಲೈಯಲ್ಲಿ ಉಳಿಯುವ ಚಾರ್ಜ್ ಇಳಿಯಲೆಂದು ಕೊನೆಯ ಕೆಪಾಸಿಟರ್‌ಗೆ ಅಡ್ಡಲಾಗಿ 100 ಕಿಲೊ ಓಮ್ ಬ್ಲೀಡರ್ ಇದೆ.

ಇಲ್ಲಿಯವರೆಗೆ ಮಾಡಿದ್ದು ಇಷ್ಟು. ಫ್ಯೂಸ್ ಸರಿಯಾಗಿದೆ. 6080 ಚೆನ್ನಾಗಿ ಬೆಳಗುತ್ತದೆ, ಇಸಿಸಿ82ರ ಒಳಗೂ ಕೆಂಡದ ಚುಕ್ಕೆ ಕಾಣುತ್ತದೆ. ಆದರೂ 6080 ಸತ್ತಿರಬಹುದೆಂದು ಇನ್ನೊಂದನ್ನು ತರಿಸಿ ಹಾಕಿದೆ, ವ್ಯತ್ಯಾಸವಾಗಲಿಲ್ಲ. ಬ್ರಿಡ್ಜ್‌ನ ನಂತರದ ಮೊದಲ ಕೆಪಾಸಿಟರ್‌ನಲ್ಲಿ 231 ವೋಲ್ಟ್ ಇದೆ. ಕಟ್ಟಿದಾಗ ಅಲ್ಲಿ 205 ಇತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಗೋಡೆಯ ಸಾಕೆಟ್ಟಿನಲ್ಲಿ ಈಗ 234 ವೋಲ್ಟ್ ಇರುವುದರಿಂದ ಇದೂ ಸ್ವಲ್ಪ ಹೆಚ್ಚಾಗಿದೆ ಎಂದುಕೊಂಡು, ಸಪ್ಲೈ ಸರಿಯಿದೆ ಎಂಬ ತೀರ್ಮಾನಕ್ಕೆ ಬಂದೆ. ಆಮೇಲೆ ಸ್ವಿಚ್ ಆರಿಸಿ, ಅರ್ಧ ನಿಮಿಷ ಕಾದು, ಒಳಗಿನ ತಂತಿಗಳನ್ನೆಲ್ಲ ಬೆರಳಿನಿಂದ ಅಲ್ಲಾಡಿಸಿ ನೋಡಿದೆ. ಯಾವುದೂ ಸಡಿಲವಾಗಿಲ್ಲ.

ಇದಕ್ಕೆ ಸಂಬಂಧವಿಲ್ಲದಿರಬಹುದು, ಆದರೂ ಹೇಳಿಬಿಡುತ್ತೇನೆ: ಸುಮಾರು ಒಂದು ತಿಂಗಳಿನಿಂದ ಬಲಗಡೆಯ ಸದ್ದು ಆಗಾಗ ಮಾಯವಾಗುತ್ತಿತ್ತು. ಇಸಿಸಿ82ರ ತಲೆಯನ್ನು ಪೆನ್ಸಿಲ್‌ನಿಂದ ತಟ್ಟಿದರೆ ಕೆಲವು ಸೆಕೆಂಡುಗಳಲ್ಲಿ ಮರಳುತ್ತಿತ್ತು. ಹೆಡ್‌ಫೋನ್ ಜ್ಯಾಕ್ ಹಳೆಯದಾದ್ದರಿಂದ ಅದೇ ಕಾರಣವಿರಬೇಕು ಎಂದುಕೊಂಡಿದ್ದೆ. ಮುಂದೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತಿಲ್ಲ.

ಹತ್ತನೇ ಕ್ರಾಸ್:

ನನ್ನ ಅನುಭವದಲ್ಲಿ ಇಂಥ ತೊಂದರೆಗೆ ಕೆಪಾಸಿಟರ್‌ಗಳೇ ಕಾರಣ. ಸಪ್ಲೈಯ ಮೂರೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು, ಜೊತೆಗೆ ಔಟ್‌ಪುಟ್‌ನ ಎರಡನ್ನೂ ಒಂದೇ ಸಲ ಬದಲಿಸಿಬಿಡಿ, ಇಸಿಸಿ82 ಅನ್ನೂ ಹೊಸದು ಹಾಕಿ. ಒಂದೊಂದಾಗಿ ಹುಡುಕುತ್ತಾ ಕೂರುವ ಸಮಯದಲ್ಲಿ ಎಲ್ಲವನ್ನೂ ಹೊಸದಾಗಿ ಬೆಸೆಯಬಹುದು. ಎಸ್.ಪಿ. ರಸ್ತೆಗೆ ವಾರದ ದಿನವೇ ಹೋಗಿ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ.

ಹಳೇ ವಾಲ್ವ್:

ಕಿವಿಯವರೆ, ಮೊದಲು ಒಂದು ವಿನಂತಿ: ಈ ಬರಹವನ್ನು ಪೂರ್ತಿ ಓದುವವರೆಗೆ ಆ ಪೆಟ್ಟಿಗೆಯೊಳಗೆ ಬೆರಳು ಹಾಕಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ವಾಕ್ಯಗಳು ಅಕ್ಕಪಕ್ಕದಲ್ಲಿ ಇರಬಾರದಾಗಿತ್ತು. ಬ್ಲೀಡರ್ ಕೊನೆಯ ಕೆಪಾಸಿಟರ್‌ನಲ್ಲಿದೆ ಎಂಬುದು ಒಂದು, ಸ್ವಿಚ್ ಆರಿಸಿ ಅರ್ಧ ನಿಮಿಷದ ಮೇಲೆ ತಂತಿಗಳನ್ನು ಮುಟ್ಟಿದೆ ಎಂಬುದು ಇನ್ನೊಂದು. ಆಂಪ್ಲಿಫಯರ್ ಆರೋಗ್ಯವಾಗಿದ್ದಾಗ ಮೊದಲ ಕೆಪಾಸಿಟರ್‌ನ ಚಾರ್ಜ್ ಆ ಎರಡು 270 ಓಮ್ ರೆಸಿಸ್ಟರ್‌ಗಳ ಮೂಲಕ ಹರಿದು ಬಿಸಿಯಾಗಿರುವ ವಾಲ್ವ್‌ಗಳಲ್ಲೂ ಬ್ಲೀಡರ್‌ನಲ್ಲೂ ಇಳಿದುಹೋಗುತ್ತದೆ. ಆ ದಾರಿ ಮಧ್ಯದಲ್ಲೇ ಕಡಿದಿದ್ದರೆ ಮೊದಲ ಕೆಪಾಸಿಟರ್‌ಗೆ ತನ್ನ ಚಾರ್ಜನ್ನು ಕಳೆದುಕೊಳ್ಳಲು ಬೇರೆ ಮಾರ್ಗವೇ ಇಲ್ಲ. ಒಳ್ಳೆಯ ಕೆಪಾಸಿಟರ್ ಆದರೆ ಗಂಟೆಗಟ್ಟಲೆ ಹಿಡಿದಿಟ್ಟುಕೊಂಡಿರುತ್ತದೆ. 231 ವೋಲ್ಟಿನಲ್ಲಿ 220 ಮೈಕ್ರೊಫ್ಯಾರಡ್ ಎಂದರೆ ಸುಮಾರು 5.9 ಜೂಲ್; ಕೈಯಿಂದ ಎದೆಗೆ ಹಾದುಹೋಗಲು ಬಿಡಬಾರದಷ್ಟು. ನಿಮ್ಮ ಆಂಪ್ಲಿಫಯರ್‌ನಲ್ಲಿ ಆ ದಾರಿ ಕಡಿದಿದೆ ಎಂದೇ ನನ್ನ ಅನುಮಾನ. ನಿಮ್ಮ ಬೆರಳು ಮೊದಲ ಕೆಪಾಸಿಟರ್‌ಗೆ ತಗಲದೆ ಹೋದದ್ದು ಪುಣ್ಯ.

ಅನುಮಾನಕ್ಕೆ ಕಾರಣ ನೀವೇ ಅಳೆದ ಅಂಕಿ. ಗೋಡೆಯ ವೋಲ್ಟೇಜ್ 230ರಿಂದ 234ಕ್ಕೆ ಏರಿದರೆ ಹೆಚ್ಚಳ ನೂರಕ್ಕೆ ಎರಡೂ ಇಲ್ಲ. ನಿಮ್ಮ ಎಚ್.ಟಿ. (ವಾಲ್ವ್‌ಗಳ ಪ್ಲೇಟಿಗೆ ಹೋಗುವ ಹೆಚ್ಚಿನ ಡಿಸಿ ವೋಲ್ಟೇಜ್) 205ರಿಂದ 231ಕ್ಕೆ, ಅಂದರೆ ನೂರಕ್ಕೆ ಹದಿಮೂರರಷ್ಟು ಏರಿದೆ. ಟ್ರಾನ್ಸ್‌ಫಾರ್ಮರ್‌ನಿಂದ ಯಾರೂ ಕರೆಂಟ್ ಎಳೆಯದಿದ್ದಾಗ ವೋಲ್ಟೇಜ್ ಹೀಗೆ ಮೇಲೇಳುತ್ತದೆ. ನೀವು ಅದನ್ನು ಸಪ್ಲೈ ಸರಿಯಿದೆ ಎಂದು ಓದಿದಿರಿ. ಅದು ಹೇಳುತ್ತಿರುವುದು ಸಪ್ಲೈಯನ್ನು ಕೇಳುವವರೇ ಇಲ್ಲ ಎಂದು. ಹಮ್ ಕೂಡ ಇಲ್ಲದಿರುವುದು ಇದಕ್ಕೆ ಹೊಂದುತ್ತದೆ. ಕೆಪಾಸಿಟರ್ ಒಣಗಿ ಹಾಳಾಗಿದ್ದರೆ ಹಮ್ ಹೆಚ್ಚಾಗಬೇಕಿತ್ತು, ಶಾರ್ಟ್ ಆಗಿದ್ದರೆ ವೋಲ್ಟೇಜ್ ಕುಸಿಯಬೇಕಿತ್ತು. ಆದ್ದರಿಂದ ಹತ್ತನೇ ಕ್ರಾಸ್ ಅವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಒಂದೇ ಸಲ ಆರು ಭಾಗಗಳನ್ನು ಬದಲಿಸಿದರೆ ಯಾವುದು ಹಾಳಾಗಿತ್ತೆಂದು ತಿಳಿಯುವುದೇ ಇಲ್ಲ, ಹೊಸ ಬೆಸುಗೆಯ ತಪ್ಪುಗಳು ಬೇರೆ ಸೇರಿಕೊಳ್ಳುತ್ತವೆ. ಮಲ್ಲೇಶ್ವರದಲ್ಲಿ ನಮ್ಮ ತಂದೆಯವರ ರೇಡಿಯೊ ರಿಪೇರಿ ಅಂಗಡಿಯಿತ್ತು. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿದ ಮೇಲೆ ವಾಲ್ವ್ ಸಿಗುವುದು ಸುಲಭವಾಯಿತು, ಆದರೂ ಅವರು ಮೀಟರ್ ಹಿಡಿಯದೆ ಯಾವ ವಾಲ್ವನ್ನೂ ಕಿತ್ತವರಲ್ಲ.

ಈಗ ಮಾಡಬೇಕಾದದ್ದು. ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮೂರೂ ಕೆಪಾಸಿಟರ್‌ಗಳ ವೋಲ್ಟೇಜನ್ನು ಒಂದೊಂದಾಗಿ ಅಳೆಯಿರಿ. ಚಾರ್ಜ್ ಉಳಿದಿದ್ದರೆ 2.2 ಕಿಲೊ ಓಮ್, 10 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಶನ್ ಇರುವ ತಂತಿಯನ್ನೂ ಕ್ರೊಕೊಡೈಲ್ ಕ್ಲಿಪ್ಪನ್ನೂ ಬೆಸೆದು ಅದರಿಂದ ಇಳಿಸಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟೀರೆನಿಸುವ ಅಭ್ಯಾಸ ಕೆಲವರಿಗಿದೆ. ಅದರಿಂದ ಕೆಪಾಸಿಟರ್‌ಗೂ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ. ಇಳಿಸಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಎಲೆಕ್ಟ್ರೋಲಿಟಿಕ್‌ಗಳಲ್ಲಿ ಕೆಲವು ವೋಲ್ಟ್‌ಗಳು ತಾವಾಗಿಯೇ ಮರಳಿ ಬರುತ್ತವೆ.

ಅನಂತರ ಆ ಎರಡು 270 ಓಮ್ ರೆಸಿಸ್ಟರ್‌ಗಳನ್ನು ಓಮ್‌ಮೀಟರ್‌ನಲ್ಲಿ ನೋಡಿ. ಒಂದರಲ್ಲಿ 270 ಬಂದು ಇನ್ನೊಂದರಲ್ಲಿ ಅಂಕಿ ನಿಲ್ಲದೆ ಏರುತ್ತಾ ಹೋದರೆ ಆ ರೆಸಿಸ್ಟರ್ ಓಪನ್ ಆಗಿದೆ, ಅಂದರೆ ಒಳಗೆ ಕಡಿದಿದೆಯೆಂದು ತಿಳಿಯಿರಿ. ಏರುತ್ತಿರುವುದು ಮೀಟರ್‌ನ ಬ್ಯಾಟರಿಯಿಂದ ಸುತ್ತಲಿನ ಕೆಪಾಸಿಟರ್‌ಗಳು ತುಂಬಿಕೊಳ್ಳುತ್ತಿರುವುದರಿಂದ. ಬದಲಿಸುವ ಮೊದಲು ಎರಡನೆಯ ಮತ್ತು ಮೂರನೆಯ ಕೆಪಾಸಿಟರ್‌ಗಳಿಂದ ನೆಲಕ್ಕೂ ಅಳೆಯಿರಿ. ವಾಲ್ವ್ ತಣ್ಣಗಿರುವಾಗ ಓದು ಬ್ಲೀಡರ್‌ನ 100 ಕಿಲೊ ಓಮ್‌ನತ್ತ ಏರಬೇಕು. ಕೆಲವು ನೂರು ಓಮ್‌ನಲ್ಲೇ ನಿಂತರೆ ಅಲ್ಲೊಂದು ಶಾರ್ಟ್ ಇದೆ. ಅದನ್ನು ಹುಡುಕದೆ ಹೊಸ ರೆಸಿಸ್ಟರ್ ಹಾಕಿದರೆ ಅದೂ ಹೋಗುತ್ತದೆ.

ಬಲಗಡೆ ಮಾಯವಾಗುತ್ತಿದ್ದ ವಿಷಯಕ್ಕೆ ಸಂಬಂಧವಿಲ್ಲ ಎಂದಿದ್ದೀರಿ. ನನಗೆ ಹಾಗನ್ನಿಸುತ್ತಿಲ್ಲ, ಆದರೆ ಅಳತೆ ಬರಲಿ.

ಓಮ್ ನಿಯಮ:

ಹಿರಿಯರು ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವಳು, ಕಾಗದ ಕಂಡರೆ ಲೆಕ್ಕ ಹಾಕದೆ ಇರಲಾಗುವುದಿಲ್ಲ.

ಸದ್ದು ಒಂದೆರಡು ಸೆಕೆಂಡುಗಳಲ್ಲಿ ಕುಗ್ಗಿತು ಎಂದಿದ್ದೀರಿ. ಮೊದಲ ರೆಸಿಸ್ಟರ್ ಓಪನ್ ಆದರೆ ಉಳಿದ ಎರಡು ಕೆಪಾಸಿಟರ್‌ಗಳ 440 ಮೈಕ್ರೊಫ್ಯಾರಡ್‌ನಿಂದಲೇ ವಾಲ್ವ್‌ಗಳು ಸ್ವಲ್ಪ ಹೊತ್ತು ಬದುಕಬೇಕು. ಇಡೀ ಆಂಪ್ಲಿಫಯರ್ ಸುಮಾರು 160 ವೋಲ್ಟಿನಲ್ಲಿ ಸುಮಾರು 80 ಮಿಲಿಆಂಪಿಯರ್ ಎಳೆಯುತ್ತದೆ ಎಂದರೆ 2000 ಓಮ್‌ನ ಹೊರೆಯಿದ್ದ ಹಾಗೆ. 440 ಮೈಕ್ರೊಫ್ಯಾರಡ್ ಜೊತೆ ಅದರ ಕಾಲಸ್ಥಿರಾಂಕ, ಅಂದರೆ ವೋಲ್ಟೇಜ್ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಲು ಬೇಕಾದ ಸಮಯ, 0.9 ಸೆಕೆಂಡ್. ನೀವು ಕೇಳಿದ ಒಂದೆರಡು ಸೆಕೆಂಡುಗಳ ಕುಗ್ಗುವಿಕೆ ಇದಕ್ಕೆ ಸರಿಹೊಂದುತ್ತದೆ. ಹೀಟರ್ ಹೋಗಿದ್ದರೆ ಕ್ಯಾಥೋಡ್ ತಣ್ಣಗಾಗುವವರೆಗೆ ಇನ್ನೂ ನಿಧಾನವಾಗಿ ಇಳಿಯುತ್ತಿತ್ತು.

ಇನ್ನು ಆ 2 ವ್ಯಾಟ್ ರೆಸಿಸ್ಟರ್. ಸಾಮಾನ್ಯ ಸ್ಥಿತಿಯಲ್ಲಿ 6080ರ ಪ್ರತಿ ಭಾಗ 35 ಮಿಲಿಆಂಪಿಯರ್, ಇಸಿಸಿ82ರ ಪ್ರತಿ ಭಾಗ 4ರಷ್ಟು ಎಳೆಯುತ್ತವೆ ಎಂದಿಟ್ಟುಕೊಳ್ಳೋಣ, ಒಟ್ಟು 78. ಅದರ ವರ್ಗವನ್ನು 270ರಿಂದ ಗುಣಿಸಿದರೆ 1.64 ವ್ಯಾಟ್. 2 ವ್ಯಾಟಿನ ರೆಸಿಸ್ಟರ್‌ನಲ್ಲಿ 1.64 ವ್ಯಾಟ್ ಎಂದರೆ ಕಾಗದದ ಮೇಲೆ ಪರವಾಗಿಲ್ಲ. ಆದರೆ ರೆಸಿಸ್ಟರ್‌ನ ಆ ರೇಟಿಂಗ್ ಸುತ್ತಲಿನ ಗಾಳಿ ಒಂದು ಮಿತಿಗಿಂತ, ಸಾಮಾನ್ಯವಾಗಿ 70 ಡಿಗ್ರಿ ಸೆಲ್ಸಿಯಸ್‌ಗಿಂತ, ತಂಪಾಗಿದ್ದಾಗ ಮಾತ್ರ ಅನ್ವಯಿಸುತ್ತದೆ. 6080ರ ಹೀಟರ್ ಒಂದೇ 6.3 ವೋಲ್ಟಿನಲ್ಲಿ 2.5 ಆಂಪಿಯರ್, ಅಂದರೆ 16 ವ್ಯಾಟಿನ ಹತ್ತಿರ ಬಿಸಿ ಕಾರುತ್ತದೆ. ಅದರ ಕೆಳಗೇ ಮುಚ್ಚಿದ ಚಾಸಿಯೊಳಗೆ ಕುಳಿತ ರೆಸಿಸ್ಟರ್‌ನ ಗತಿ ಊಹಿಸಿಕೊಳ್ಳಿ. ಸಾಲದ್ದಕ್ಕೆ, ಪ್ರತಿ ಸಲ ಸ್ವಿಚ್ ಹಾಕಿದಾಗ ಖಾಲಿ ಕೆಪಾಸಿಟರ್‌ಗಳನ್ನು ತುಂಬುವ ಹೊಡೆತ ಮೊದಲ ರೆಸಿಸ್ಟರ್‌ನ ಮೇಲೆಯೇ ಬೀಳುತ್ತದೆ, ಕ್ಷಣಮಾತ್ರಕ್ಕೆ ನೂರು ವ್ಯಾಟನ್ನೂ ಮೀರಿ. ತಂತಿ ಸುತ್ತಿದ ರೆಸಿಸ್ಟರ್ ಇದನ್ನು ತಾಳಿಕೊಳ್ಳುತ್ತದೆ, ತೆಳು ಫಿಲ್ಮ್ ಸವೆಯುತ್ತದೆ.

ಆದರೂ ಎರಡು ವರ್ಷ ಬಾಳಿದ್ದು ಈಗೇಕೆ ಹೋಯಿತು ಎಂಬುದಕ್ಕೆ ನನ್ನ ಲೆಕ್ಕದಲ್ಲಿ ಉತ್ತರವಿಲ್ಲ.

ಹನುಮಂತನಗರದ ಕಿವಿ:

ಹಿರಿಯರಿಗೂ ಓಮ್ ನಿಯಮ ಅವರಿಗೂ ಅನಂತ ವಂದನೆಗಳು. ಪ್ಲಗ್ ಕಿತ್ತು ಎರಡು ದಿನಗಳಾಗಿದ್ದರೂ ಮೊದಲ ಕೆಪಾಸಿಟರ್‌ನಲ್ಲಿ ಇನ್ನೂ 38 ವೋಲ್ಟ್ ಇತ್ತು. ಅದನ್ನು ನೋಡಿದ ಮೇಲೆ ಹೋದ ವಾರ ನಾನು ಮಾಡಿದ ಕೆಲಸ ನೆನೆದು ಕೈ ನಡುಗಿತು. ನೀವು ಹೇಳಿದ ಹಾಗೆ ರೆಸಿಸ್ಟರ್‌ನಿಂದ ಇಳಿಸಿ ಮುಂದುವರಿದೆ.

ಮೊದಲ 270 ಓಮ್ ರೆಸಿಸ್ಟರ್ ಓಪನ್ ಆಗಿದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬಣ್ಣದ ಪಟ್ಟಿಗಳು ಸ್ವಲ್ಪ ಕಂದಿವೆ, ಅಷ್ಟೆ. ಎರಡನೆಯದು 271 ತೋರಿಸುತ್ತದೆ. ಕೆಪಾಸಿಟರ್‌ಗಳಿಂದ ನೆಲಕ್ಕೆ ಓದು ನಿಧಾನವಾಗಿ ಏರಿ 99 ಕಿಲೊ ಓಮ್‌ನಲ್ಲಿ ನಿಂತಿತು, ಶಾರ್ಟ್ ಇಲ್ಲ. ಎರಡನ್ನೂ 5 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್‌ಗಳಿಗೆ ಬದಲಿಸಿ, ಚಾಸಿಯಿಂದ ಸ್ವಲ್ಪ ಎತ್ತರಕ್ಕೆ ಗಾಳಿಯಾಡುವಂತೆ ಕೂರಿಸಿದೆ. ಹಳೆಯ ವಾಲ್ವ್‌ಗಳನ್ನೇ ಹಾಕಿ, ಹೆಡ್‌ಫೋನ್ ಸಿಕ್ಕಿಸದೆ, ಸ್ವಿಚ್ ಹಾಕಿದೆ.

ಎಚ್.ಟಿ. ಮರಳಿತು. ಮೊದಲ ಕೆಪಾಸಿಟರ್‌ನಲ್ಲಿ 203, ಕೊನೆಯದರಲ್ಲಿ 157 ವೋಲ್ಟ್. ನೋಟ್‌ಬುಕ್ಕಿನ ಪ್ರಕಾರ ಕೊನೆಯದರಲ್ಲಿ 163 ಇರಬೇಕಿತ್ತು. ಎಡ ಕ್ಯಾಥೋಡ್‌ನಲ್ಲಿ 102 ವೋಲ್ಟ್ ಬಂತು, ಮೊದಲು 105 ಇತ್ತು. ಬಲ ಕ್ಯಾಥೋಡ್‌ನಲ್ಲಿ 144 ವೋಲ್ಟ್ ಬಂದದ್ದನ್ನು ನೋಡಿ ತಕ್ಷಣ ಆರಿಸಿದೆ. ತರಿಸಿದ ಹೊಸ 6080 ಹಾಕಿ ನೋಡಿದರೂ ಬಲಗಡೆ 145. ಅಂದರೆ ದೋಷ 6080ರಲ್ಲಿ ಇಲ್ಲ ಎಂದಾಯಿತಲ್ಲವೆ? ಇಸಿಸಿ82 ಮಾತ್ರ ಬೆಳಗುತ್ತಲೇ ಇದೆ.

ಹಳೇ ವಾಲ್ವ್:

ತಕ್ಷಣ ಆರಿಸಿದ್ದು ಒಳ್ಳೆಯದಾಯಿತು. ಇನ್ನು ಮುಂದಿನ ಪ್ರತಿ ಪ್ರಯೋಗವನ್ನೂ ಸೀರೀಸ್ ಬೋರ್ಡಿನ ಮೇಲೆ, ಅಂದರೆ ಗೋಡೆಯ ಕರೆಂಟ್ ಒಂದು ಬಲ್ಬಿನ ಮೂಲಕವೇ ಆಂಪ್ಲಿಫಯರ್‌ಗೆ ಬರುವಂತೆ, ಮಾಡಿ. ಹಳೆಯ ಕಾಲದ 100 ವ್ಯಾಟ್ ತಂತಿಬಲ್ಬ್ ಎಲ್ಲಿಯಾದರೂ ಸಿಕ್ಕರೆ ಅದನ್ನೇ ಬಳಸಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಬಲ್ಬ್ ಇರುವಾಗ ವೋಲ್ಟೇಜ್‌ಗಳೆಲ್ಲ ಸ್ವಲ್ಪ ಕಡಿಮೆ ಬರುತ್ತವೆ, ಅದಕ್ಕೆ ಗಾಬರಿ ಬೇಡ.

ನಿಮ್ಮ 144 ವೋಲ್ಟ್ ಸುಳಿವು ಕೊಟ್ಟಿದೆ. ಇಸಿಸಿ82ರ ಪ್ಲೇಟು ನೇರವಾಗಿ 6080ರ ಗ್ರಿಡ್‌ಗೆ ಸೇರಿದೆ. ಇಸಿಸಿ82ರ ಟ್ರಯೋಡ್ ತನ್ನ ಪಾಲಿನ ಕರೆಂಟ್ ಎಳೆಯುತ್ತಿದ್ದರೆ ಅದರ ಪ್ಲೇಟ್ 80 ವೋಲ್ಟಿನ ಆಸುಪಾಸಿನಲ್ಲಿರುತ್ತದೆ, 6080ರ ಕ್ಯಾಥೋಡ್ ಅದಕ್ಕಿಂತ ಇಪ್ಪತ್ತೈದು ವೋಲ್ಟ್ ಮೇಲೆ, 105ರಲ್ಲಿ, ನೆಲೆಗೊಳ್ಳುತ್ತದೆ. ಆ ಟ್ರಯೋಡ್ ಕರೆಂಟ್ ಎಳೆಯುವುದನ್ನು ನಿಲ್ಲಿಸಿದರೆ ಪ್ಲೇಟನ್ನು ಕೆಳಗೆ ಹಿಡಿದಿಡುವವರಿಲ್ಲ. ಅದು ಎಚ್.ಟಿ.ಯತ್ತ ಏರುತ್ತದೆ, ಜೊತೆಗೆ 6080ರ ಗ್ರಿಡ್ಡೂ ಏರುತ್ತದೆ, ಗ್ರಿಡ್ಡಿನ ಹಿಂದೆ ಕ್ಯಾಥೋಡೂ ಏರುತ್ತದೆ. 6080 ಮೂಲತಃ ವೋಲ್ಟೇಜ್ ರೆಗ್ಯುಲೇಟರ್‌ಗಳಿಗಾಗಿ ಹುಟ್ಟಿದ ವಾಲ್ವ್, ಒಳರೋಧ 280 ಓಮ್ ಮಾತ್ರ. ಬಾಗಿಲು ಪೂರ್ತಿ ತೆರೆದರೆ 3000 ಓಮ್‌ನ ಎದುರು ಅದು ಎಚ್.ಟಿ.ಯ ನೂರಕ್ಕೆ ತೊಂಬತ್ತರಷ್ಟನ್ನು ಕ್ಯಾಥೋಡ್‌ಗೆ ದಾಟಿಸಿಬಿಡುತ್ತದೆ. 157ರಲ್ಲಿ 144, ಲೆಕ್ಕ ಸರಿಯಾಗಿದೆ. ಆದ್ದರಿಂದ 6080 ನಿರಪರಾಧಿ, ಇಸಿಸಿ82ರ ಬಲಭಾಗ ಕೆಲಸ ಮಾಡುತ್ತಿಲ್ಲ.

ಅದು ಬೆಳಗುತ್ತಲೇ ಇದೆ ಎನ್ನುತ್ತೀರಿ. ಇಸಿಸಿ82ರ ಒಳಗೆ ಎರಡು ಹೀಟರ್‌ಗಳಿವೆ: 4ನೇ ಕಾಲಿನಿಂದ 9ಕ್ಕೆ ಒಂದು, 5ರಿಂದ 9ಕ್ಕೆ ಇನ್ನೊಂದು. 12.6 ವೋಲ್ಟಿನಲ್ಲಿ ನಡೆಸುವವರು 4 ಮತ್ತು 5ಕ್ಕೆ ಕೊಡುತ್ತಾರೆ. 6.3 ವೋಲ್ಟಿನಲ್ಲಿ ನಡೆಸುವ ನಿಮ್ಮಂಥವರು 4 ಮತ್ತು 5ನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಆ ಜೋಡಿಗೂ 9ಕ್ಕೂ ನಡುವೆ ಕೊಡುತ್ತಾರೆ. ಆ ತುಂಡು ತಂತಿಯ ಬೆಸುಗೆ ಒಂದು ಕಡೆ ಬಿಟ್ಟರೆ ಅರ್ಧ ವಾಲ್ವ್ ತಣ್ಣಗಾಗುತ್ತದೆ, ಉಳಿದರ್ಧ ಬೆಳಗುತ್ತಲೇ ಇರುತ್ತದೆ. ಮೇಲೆ ಬೆಳ್ಳಿಯಂತೆ ಹೊಳೆಯುವ ಲೇಪವಿರುವುದರಿಂದ ಒಂದು ಚುಕ್ಕೆಯೋ ಎರಡೋ ಎಂದು ಯಾರೂ ಎಣಿಸುವುದಿಲ್ಲ. ತಲೆ ತಟ್ಟಿದರೆ ಸದ್ದು ಥಟ್ಟನೆ ಬಾರದೆ ಕೆಲವು ಸೆಕೆಂಡುಗಳ ಮೇಲೆ ಬರುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಜ್ಯಾಕ್ ಸಡಿಲವಾಗಿದ್ದರೆ ಸದ್ದು ಆ ಕ್ಷಣವೇ ಮರಳಬೇಕಿತ್ತು. ಕೆಲವು ಸೆಕೆಂಡ್ ಬೇಕಾಗುವುದು ಕ್ಯಾಥೋಡ್ ಕಾಯಲು.

ಪ್ಲಗ್ ಕಿತ್ತು, ಚಾರ್ಜ್ ಇಳಿದಿದೆಯೆಂದು ಅಳೆದು ಖಚಿತಪಡಿಸಿಕೊಂಡು, ಇಸಿಸಿ82 ಅನ್ನು ಹೊರತೆಗೆಯಿರಿ. ವಾಲ್ವ್‌ನ ಕಾಲುಗಳಲ್ಲೇ 4ರಿಂದ 9, 5ರಿಂದ 9 ಅಳೆಯಿರಿ. ತಣ್ಣಗಿರುವಾಗ ಎರಡೂ ಕೆಲವೇ ಓಮ್, ಹೆಚ್ಚುಕಡಿಮೆ ಸಮ ಇರಬೇಕು. ಸಮವಿದ್ದರೆ ವಾಲ್ವ್ ಸರಿ, ದೋಷ ಸಾಕೆಟ್ಟಿನಲ್ಲಿ. ಆಗ ಸಾಕೆಟ್ಟಿನ 4 ಮತ್ತು 5ರ ನಡುವೆ ಮೀಟರ್ ಇಟ್ಟು, ಒಣ ಬಿದಿರು ಕಡ್ಡಿಯಿಂದ ಆ ತಂತಿಯನ್ನು ಮೆಲ್ಲಗೆ ಒತ್ತಿ ನೋಡಿ. ಬೆರಳಿನಿಂದ ಬೇಡ.

ಓಮ್ ನಿಯಮ:

ಈಗ ನನ್ನ ಲೆಕ್ಕ ಪೂರ್ತಿಯಾಯಿತು. ಬಲಭಾಗ ತಣ್ಣಗಾದಾಗ 6080ರ ಆ ಅರ್ಧ 144ನ್ನು 3000ದಿಂದ ಭಾಗಿಸಿದಷ್ಟು, ಅಂದರೆ 48 ಮಿಲಿಆಂಪಿಯರ್ ಎಳೆಯುತ್ತದೆ. ಎಡದ 34 ಮತ್ತು ಇಸಿಸಿ82ರ ಉಳಿದರ್ಧದ 4 ಸೇರಿದರೆ 86. ಸಪ್ಲೈಯ 270 ಓಮ್‌ನಲ್ಲಿ ಆಗ 2 ವ್ಯಾಟ್. ಮೊದಲೇ ಬೇಯುತ್ತಿದ್ದ 2 ವ್ಯಾಟ್ ರೆಸಿಸ್ಟರ್‌ಗೆ ಇದು ಸಾಕು. ಫ್ಯೂಸ್ ಯಾಕೆ ಸುಮ್ಮನಿತ್ತು ಎಂಬುದೂ ಇದರಲ್ಲೇ ಇದೆ: ಹೆಚ್ಚಾದದ್ದು 8 ಮಿಲಿಆಂಪಿಯರ್ ಮಾತ್ರ, ಗೋಡೆಯ ಕಡೆಯಿಂದ ನೋಡಿದರೂ ಅಷ್ಟೇ. ಯಾವ ಫ್ಯೂಸೂ ಅದನ್ನು ಗಮನಿಸುವುದಿಲ್ಲ.

ಹನುಮಂತನಗರದ ಕಿವಿ:

ಹಿರಿಯರು ಹೇಳಿದ ಜಾಗದಲ್ಲೇ ಸಿಕ್ಕಿತು. ವಾಲ್ವ್‌ನ ಎರಡು ಹೀಟರ್‌ಗಳೂ ಸಮ. ಸಾಕೆಟ್ಟಿನ 4 ಮತ್ತು 5ರ ನಡುವೆ ಮೀಟರ್ ಏನೂ ತೋರಿಸಲಿಲ್ಲ; ಬಿದಿರು ಕಡ್ಡಿಯಿಂದ ತಂತಿಯನ್ನು ಒತ್ತಿದರೆ 0.3 ಓಮ್, ಬಿಟ್ಟರೆ ಮತ್ತೆ ಓಪನ್. ಲೆನ್ಸ್ ಹಿಡಿದು ನೋಡಿದಾಗ 5ನೇ ಕಾಲಿನಲ್ಲಿ ತಂತಿಯ ಸುತ್ತ ಕೂದಲೆಳೆಯ ಉಂಗುರದಂತಹ ಬಿರುಕು ಕಾಣಿಸಿತು. ಡ್ರೈ ಸೋಲ್ಡರ್ ಎಂದು ಓದಿದ್ದೆ, ನನ್ನ ಕೈಯ ಕೆಲಸದಲ್ಲೇ ನೋಡಿದ್ದು ಇದೇ ಮೊದಲು. ತಂತಿಯನ್ನು ಕಾಲಿನ ರಂಧ್ರಕ್ಕೆ ಸುತ್ತದೆ, ಸುಮ್ಮನೆ ತಗಲಿಸಿ ಸೋಲ್ಡರ್ ಸುರಿದಿದ್ದೆ. ಹಳೆಯ ಸೋಲ್ಡರನ್ನೆಲ್ಲ ಹೀರಿ ತೆಗೆದು, ಹೊಸ ತಂತಿಯನ್ನು ಎರಡೂ ಕಾಲುಗಳಿಗೆ ಕೊಕ್ಕೆಯಂತೆ ಬಗ್ಗಿಸಿ ಬೆಸೆದೆ.

ಒಂದು ವಿಷಯ ಮೊದಲೇ ಹೇಳಬೇಕಿತ್ತು. ಆ ಭಾನುವಾರ ರಾತ್ರಿಯೂ ಬಲಗಡೆ ಹೋಗಿತ್ತು. ಎದ್ದು ಹೋಗಿ ತಟ್ಟಲು ಸೋಮಾರಿತನವಾಗಿ, ಹೇಗೂ ಹಳೆಯ ಮಾನೋ ಧ್ವನಿಮುದ್ರಣ ತಾನೆ ಎಂದು, ಒಂದು ಗಂಟೆಗೂ ಹೆಚ್ಚು ಹೊತ್ತು ಎಡಗಿವಿಯಲ್ಲೇ ಕೇಳುತ್ತಾ ಕುಳಿತಿದ್ದೆ. ಓಮ್ ನಿಯಮ ಅವರ 2 ವ್ಯಾಟ್ ಲೆಕ್ಕ ಓದಿದಾಗ ಆ ಒಂದು ಗಂಟೆ ನೆನಪಾಯಿತು.

ಸೀರೀಸ್ ಬೋರ್ಡಿಗೆ 100 ವ್ಯಾಟ್ ಬಲ್ಬ್ ನಮ್ಮ ಮನೆಯ ಅಟ್ಟದಲ್ಲೇ ಸಿಕ್ಕಿತು. ಬಲ್ಬ್ ಮೊದಲು ಪ್ರಕಾಶಮಾನವಾಗಿ ಉರಿದು ಬೇಗನೆ ಮಂಕಾಯಿತು, ಆಮೇಲೆ ಏರಲಿಲ್ಲ. ಬಲ್ಬ್ ತೆಗೆದು ನೇರವಾಗಿ ಹಾಕಿದ ಮೇಲಿನ ಅಂಕಿಗಳು: ಮೊದಲ ಕೆಪಾಸಿಟರ್‌ನಲ್ಲಿ 206, ಕೊನೆಯದರಲ್ಲಿ 164, ಎಡ ಕ್ಯಾಥೋಡ್ 105, ಬಲ ಕ್ಯಾಥೋಡ್ 104. ಎರಡು ಗಂಟೆ ಹಾಗೆಯೇ ಬಿಟ್ಟು, ಬಿದಿರು ಕಡ್ಡಿಯಿಂದ ಎಲ್ಲ ಬೆಸುಗೆಗಳನ್ನೂ ತಟ್ಟಿ ನೋಡಿದೆ, ಅಂಕಿಗಳು ಕದಲಲಿಲ್ಲ. ಈಗ ಮೂರು ಕೆಪಾಸಿಟರ್‌ಗಳಿಗೂ ಪ್ರತ್ಯೇಕ ಬ್ಲೀಡರ್ ಹಾಕಬೇಕೆಂದಿದ್ದೇನೆ. 100 ಕಿಲೊ ಓಮ್ ಸರಿಯೆ? ಹೆಡ್‌ಫೋನ್ ಸಿಕ್ಕಿಸುವ ಮೊದಲು ನೋಡಬೇಕಾದದ್ದು ಇನ್ನೇನಾದರೂ ಇದೆಯೆ?

ಹಳೇ ವಾಲ್ವ್:

100 ಕಿಲೊ ಓಮ್, 2 ವ್ಯಾಟ್ ಸರಿ. 231 ವೋಲ್ಟಿನಲ್ಲಿಯೂ ಅದು ಅರ್ಧ ವ್ಯಾಟ್ ಮಾತ್ರ ಸುಡುತ್ತದೆ, ಎರಡು ನಿಮಿಷಗಳೊಳಗೆ ಕೆಪಾಸಿಟರ್ ಖಾಲಿಯಾಗುತ್ತದೆ. ಹಾಕಿದ ಮೇಲೂ ಪ್ರತಿ ಸಲ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಬ್ಲೀಡರ್‌ನ ಬೆಸುಗೆಯೂ ನಿಮ್ಮದೇ ತಾನೆ.

ಹೆಡ್‌ಫೋನ್‌ಗೆ ಮೊದಲು ಜ್ಯಾಕ್‌ನಲ್ಲಿ ಡಿಸಿ ಅಳೆಯಿರಿ. ಕೆಲವು ಮಿಲಿವೋಲ್ಟ್‌ಗಿಂತ ಹೆಚ್ಚಿದ್ದರೆ ಔಟ್‌ಪುಟ್ ಕೆಪಾಸಿಟರ್ ಸೋರುತ್ತಿದೆ ಎಂದರ್ಥ. ಆ ಕೆಪಾಸಿಟರ್‌ಗಳು 160 ವೋಲ್ಟಿನವು ಎಂದಿದ್ದಿರಿ. ಒಂದು ತಿಂಗಳು ಬಲಗಡೆಯದು ಆಗಾಗ 144 ವೋಲ್ಟ್ ಕಂಡಿದೆ, ಗೋಡೆಯಲ್ಲಿ 245 ಬಂದ ದಿನ ಇನ್ನೂ ಹೆಚ್ಚು ಕಂಡಿರಬಹುದು. ಅವೆರಡನ್ನು ಮಾತ್ರ 250 ವೋಲ್ಟಿನವುಗಳಿಗೆ ಬದಲಿಸುವುದು ನ್ಯಾಯ. ಇಷ್ಟರ ಮಟ್ಟಿಗೆ ಹತ್ತನೇ ಕ್ರಾಸ್ ಅವರ ಮಾತು ನಿಂತಿತು. ಮೊದಲ ಸಲ ಹಳೆಯ, ಹೋದರೂ ಚಿಂತೆಯಿಲ್ಲದ ಹೆಡ್‌ಫೋನ್ ಸಿಕ್ಕಿಸಿ ಕೇಳಿ.

ಹನುಮಂತನಗರದ ಕಿವಿ:

ಜ್ಯಾಕ್‌ನಲ್ಲಿ ಎಡಕ್ಕೆ 2 ಮಿಲಿವೋಲ್ಟ್, ಬಲಕ್ಕೆ 19. ಎರಡು ಕೆಪಾಸಿಟರ್‌ಗಳಿಗಾಗಿ ನಾಳೆ ಬೆಳಿಗ್ಗೆ ಎಸ್.ಪಿ. ರಸ್ತೆಗೆ ಹೋಗುತ್ತಿದ್ದೇನೆ. ತರಿಸಿದ ಎರಡನೆಯ 6080 ಡಬ್ಬಿಗೆ ಮರಳಿತು.